ಎರಡು ಅಮಾವಾಸ್ಯೆಗಳ ನಡುವೆ

ಡಿಸೆಂಬರ್ 30, 2024, ಸೋಮವಾರ. ಎಳ್ಳ ಅಮಾವಾಸ್ಯೆ

ನಸುಕಿನಲ್ಲೇ ಒಲೆ ಹಚ್ಚಿದೆವು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಎಣ್ಣೆಗಾಯಿ, ಪುಂಡಿಪಲ್ಲೆ. ಬೆಂಗಳೂರಿನ ಮೈದುನ, ನೆಗೆಣ್ಣಿ, ಅವರ ಮಗು ನಿನ್ನೆಯೇ ಹಂಪಿ ಎಕ್ಸ್‌ಪ್ರೆಸ್‌ಗೆ ಕೊಪ್ಪಳಕ್ಕೆ ಬಂದಿಳಿದಿದ್ದರು. ಬೆಳಗಾವಿಯಿಂದ ನಾದಿನಿ ಮತ್ತು ಅವಳ ಗಂಡ. ಎಲ್ಲರೂ ಟ್ರ್ಯಾಕ್ಟರ್ ಹತ್ತಿ ಹೊಲಕ್ಕೆ.

ಮಾವನವರು ಐದು ಕಲ್ಲು ಇಟ್ಟು ಪೂಜೆ ಮಾಡಿ, ಹೊಲದ ತುಂಬ ನೈವೇದ್ಯದ ಚರಗ ಚೆಲ್ಲಿ ಬಂದರು. ಮುಂಗಾರಿ ಕೈ ಹಿಡಿಯಲಿಲ್ಲ. ಹಿಂಗಾರಿ ಜೋಳ ಪರವಾಗಿಲ್ಲ.

ಊಟವಾದ ಮೇಲೆ ಮೈದುನ ಬದುವಿನ ಗುಂಟ ಹೋದ. ಮೊಬೈಲ್‌ನಲ್ಲಿ ಹೊಲದ ಅಳತೆ ನೋಡುತ್ತಿದ್ದ. ತಿರುಗಿ ಬಂದವನೇ ವಾಟ್ನಿ, ಅಂದರೆ ಹೊಲದ ಪಾಲಿನ ಮಾತು ತೆಗೆದ. ಅತ್ತೆ, "ಇವತ್ತ ಬ್ಯಾಡೋ ಯಪ್ಪಾ, ಭೂಮ್ತಾಯಿ ಮುಂದ ಕುಂತೀವಿ" ಅಂದರು. ನಮ್ಮ ಮನೆಯವರು ಏನೂ ಮಾತಾಡಲಿಲ್ಲ. ಮನೆಗೆ ಬಂದ ಮೇಲೂ ಇಲ್ಲ.

ಜನವರಿ 4, ಶನಿವಾರ, ರಾತ್ರಿ

ಶಾಲೆ ಅರ್ಧ ದಿನ. ಮನೆಗೆ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಓಣಿಯ ಹೆಣ್ಣುಮಕ್ಕಳೆಲ್ಲ ಕೂತಿದ್ದರು. ಕೊಪ್ಪಳದ ಗವಿಮಠದ ಜಾತ್ರೆಯ ರೊಟ್ಟಿ. ಪ್ರತಿ ವರ್ಷ ಹೀಗೇ: ಒಬ್ಬರು ಎಸರು ಹಾಕಿ ನಾದಬೇಕು, ಇಬ್ಬರು ಬಡಿಯಬೇಕು, ಒಬ್ಬರು ಬೇಯಿಸಬೇಕು, ಹುಡುಗಿಯರು ಒಯ್ದು ಸೀರೆಯ ಮೇಲೆ ಹರವಬೇಕು. ಖಡಕ್ಕಾಗಿ ಒಣಗಿದರೆ ದಾಸೋಹ ಮುಗಿಯುವ ತನಕ ಕೆಡುವುದಿಲ್ಲ.

ಮೈದುನ ಬೆಂಗಳೂರಿಗೆ ಹೋದ. ನೆಗೆಣ್ಣಿ ಜಾತ್ರೆ ಮುಗಿಸಿಕೊಂಡೇ ಬರುತ್ತೇನೆಂದು ಉಳಿದಿದ್ದಾಳೆ, ಲ್ಯಾಪ್‌ಟಾಪ್ ಸಮೇತ. ರೊಟ್ಟಿ ಬಡಿಯಲು ಬರುವುದಿಲ್ಲ, ಹರವಲು ನಿಂತಳು. ಕೆಲಸ ಮುಗಿದ ಮೇಲೆ ಮಾಳಿಗೆಯಲ್ಲಿ ತಾನಾಗಿ ಹೇಳಿದಳು: ಮನೆ ಸಾಲದ ಕಂತು ಎರಡು ಸಲ ತಪ್ಪಿದೆ. ಅಣ್ಣನಿಗೆ ಹೇಳಲು ಮೈದುನನಿಗೆ ನಾಚಿಕೆ. ನಾನು ಇವರಿಗೆ ಹೇಳಲೋ ಬೇಡವೋ? ಹೇಳಬೇಡ ಅಂತ ಅವಳೇನೂ ಅನ್ನಲಿಲ್ಲ.

ತೋಳು ಸೆಳೆಯುತ್ತಿದೆ. ಒಂಬತ್ತನೇ ತರಗತಿಯ ಪೇಪರ್ ತಿದ್ದದೆ ಹಾಗೇ ಇವೆ.

ಜನವರಿ 9, ಗುರುವಾರ

ಊರಿನ ಟ್ರ್ಯಾಕ್ಟರ್‌ಗಳು ಮಠಕ್ಕೆ ಹೊರಟವು. ಡೊಳ್ಳು, ಭಜನೆ, ಆರತಿ. ರೊಟ್ಟಿ, ಜೋಳ, ಮಾದಲಿ, ಕಟ್ಟಿಗೆ. ನಮ್ಮ ಮನೆಯಿಂದ ರೊಟ್ಟಿಯ ಜೊತೆ ಎಂದಿನಂತೆ ಎರಡು ಚೀಲ ಜೋಳ. ಮುಂಗಾರಿ ಕೈಕೊಟ್ಟ ವರ್ಷ ಒಂದೇ ಚೀಲ ಸಾಕು ಅಂತ ಇವರ ಮನಸ್ಸು. ಮಾವ ಕೇಳಲಿಲ್ಲ.

ಮೈಕಿನಲ್ಲಿ ಮಾವನವರ ಹೆಸರು ಕೂಗಿದರು. ಮೈ ಜುಮ್ಮೆಂದಿತು, ಸುಳ್ಳು ಹೇಳಲಾರೆ. ಸರದಿ ಪ್ರಕಾರ ಕೂಗಿದ ಹೆಸರುಗಳಲ್ಲಿ ಪಡಸಾಲೆಯಲ್ಲಿ ಕೂತಿದ್ದ ಒಬ್ಬರದೂ ಇರಲಿಲ್ಲ. ಓಣಿಯ ಮುದುಕಿಯೊಬ್ಬಳು, ಹೊಲ ಮನೆ ಎರಡೂ ಇಲ್ಲದವಳು, ಎರಡು ದಿನ ನಮ್ಮಲ್ಲಿ ಬೇಯಿಸಿದ್ದಳು. ಅವಳದು ಯಾವ ಲೆಕ್ಕದಲ್ಲಿ ಹೋಯಿತು?

ಸ್ಟಾಫ್‌ರೂಮಿನಲ್ಲಿ ಸಹೋದ್ಯೋಗಿಯೊಬ್ಬರ ಮಾತು: ರೇಷನ್ ಅಕ್ಕಿ ಬರುವ ಕಾಲದಲ್ಲಿ ಇಷ್ಟು ಅನ್ನ ಹಾಕುವುದು ಯಾಕೆ? ನನಗೆ ನೆನಪಾದದ್ದು 2022ರ ಜೂನ್. ಗವಿಮಠದ ಐದು ಸಾವಿರ ಮಕ್ಕಳ ವಸತಿ ನಿಲಯಕ್ಕೆ ಅಡಿಗಲ್ಲು ಹಾಕುವಾಗ ಅಭಿನವ ಗವಿಸಿದ್ಧೇಶ್ವರ ಶ್ರೀಗಳು ವೇದಿಕೆಯ ಮೇಲೆ ಕಣ್ಣೀರು ಹಾಕಿದ್ದರು. ನನ್ನ ಹತ್ತನೆಯ ತರಗತಿಯ ಹುಡುಗ ಈಗ ಅಲ್ಲೇ ಉಂಡು ಓದುತ್ತಿದ್ದಾನೆ. ಅವನ ಅಪ್ಪ ಗುಳೆ ಹೋಗಿದ್ದಾನೆ. ಇದನ್ನೇ ಹೇಳಿದೆ. ಅವರು ಸುಮ್ಮನಾದರು, ಒಪ್ಪಿದರೋ ಗೊತ್ತಿಲ್ಲ.

ಜನವರಿ 13, ಸೋಮವಾರ

ಭೋಗಿಯೂ ಬನದ ಹುಣ್ಣಿಮೆಯೂ ಒಂದೇ ದಿನ. ಸಿ.ಎಲ್. ಹಾಕಿದೆ. ಗಜೇಂದ್ರಗಡದ ಮೇಲೆ ಬಾದಾಮಿಗೆ. ಬನಶಂಕರಿಯ ತೇರು. ಹೊಂಡದ ಸುತ್ತ ಕಾಲಿಡಲು ಜಾಗವಿಲ್ಲ. ಅತ್ತೆಗೆ ನಾಟಕ ನೋಡಲೇಬೇಕು. ತವರಿನಿಂದ ಗಾಡಿ ಕಟ್ಟಿಕೊಂಡು ಬಂದು ಬೆಳತನಕ ಕಂಪನಿ ನಾಟಕ ನೋಡುತ್ತಿದ್ದರಂತೆ. ಈಗ ಮೊಣಕಾಲು ಮಡಿಸಲು ಬರುವುದಿಲ್ಲ, ಆದರೂ ಕುರ್ಚಿಯಲ್ಲಿ ಕೊನೆಯ ಅಂಕದವರೆಗೆ ಕೂತರು. ಅತ್ತರು, ನಕ್ಕರು. ಅವರನ್ನು ಅಷ್ಟು ಖುಷಿಯಾಗಿ ನೋಡಿ ಎಷ್ಟೋ ಕಾಲವಾಗಿತ್ತು.

ದಾರಿಯಲ್ಲಿ ನಾದಿನಿಯ ಫೋನು. ಕುಂಭಮೇಳ ಇವತ್ತು ಶುರುವಾಯಿತಂತೆ. ಅಮಾವಾಸ್ಯೆಯ ಸ್ನಾನಕ್ಕೆ ಪ್ರಯಾಗರಾಜ್‌ಗೆ ಹೊರಟಿದ್ದಾರೆ. "ನಮ್ಮ ತೇರು ಬಿಟ್ಟು ಅಷ್ಟ್ ದೂರ ಯಾಕ ಹೊಂಟಿ?" ಅಂತ ಅತ್ತೆ ಕೇಳಿದರು.

ಜನವರಿ 14

ಹುಲಿಗಿ. ಹೊಳೆ ಸ್ನಾನ. ಎಳ್ಳು ಬೆಲ್ಲ. ಸುಸ್ತು.

ಜನವರಿ 15, ಬುಧವಾರ

ಸಂಜೆ ಗವಿಮಠದ ತೇರು. ಗುಡ್ಡದ ಬಂಡೆಗಳ ಮೇಲೂ ಜನ. ಮೈದುನ ಬೆಳಿಗ್ಗೆ ಬಸ್ಸಿಗೆ ಬಂದಿದ್ದ. ತೇರು ಅಲುಗಿದಾಗ ಅಣ್ಣತಮ್ಮ ಇಬ್ಬರೂ ಒಟ್ಟಿಗೇ ಉತ್ತತ್ತಿ ಎಸೆದರು. ಮಾತಿಲ್ಲ. ಎಳ್ಳ ಅಮಾವಾಸ್ಯೆಯಿಂದ ಮಾತಿಲ್ಲ.

ಜನವರಿ 16, ಗುರುವಾರ

ದಾಸೋಹದಲ್ಲಿ ನಮ್ಮೂರಿನ ಸೇವೆ. ಇವತ್ತು ಮಿರ್ಚಿ ಕೂಡ, ಲಕ್ಷಗಟ್ಟಲೆ. ಒಂದು ಕಡೆ ಹಿಟ್ಟು ಕಲಸುವವರು, ಇನ್ನೊಂದು ಕಡೆ ಉದ್ದಕ್ಕೂ ಬಾಣಲೆ. ನಾನು ರೊಟ್ಟಿ ಮುರಿದು ಹಾಕುತ್ತಿದ್ದೆ, ನೆಗೆಣ್ಣಿ ಪಲ್ಲೆ. ಯಾರ ಮನೆಯ ರೊಟ್ಟಿಯೆಂದು ಹೇಳಲು ಬರುವುದಿಲ್ಲ: ಬಿಳಿ, ಕಂದು, ದಪ್ಪ, ತೆಳು, ಎಲ್ಲಾ ಊರಿನದೂ ಒಂದರ ಮೇಲೊಂದು ಬಿದ್ದಿವೆ. ಇದು ನನಗೆ ಬಹಳ ಹಿಡಿಸಿತು. ಮೈಕಿನಲ್ಲಿ ಕೂಗಿದ ಹೆಸರುಗಳು ಇಲ್ಲಿಗೆ ಬಂದಿರಲಿಲ್ಲ.

ಮೂರು ಗಂಟೆಗೆ ನಾವೂ ಪಂಕ್ತಿಗೆ ಕೂತೆವು. ಮಾವ, ಅತ್ತೆ, ಇವರು, ಮೈದುನ, ನಾವಿಬ್ಬರು, ಮಕ್ಕಳು. ಮನೆಯಲ್ಲಿ ನಾವೆಲ್ಲ ಒಂದೇ ಹೊತ್ತಿಗೆ ಉಣ್ಣುವುದೇ ಇಲ್ಲ. ಮೊದಲು ಗಂಡಸರು, ಆಮೇಲೆ ಮಕ್ಕಳು, ಕಡೆಗೆ ಉಳಿದದ್ದನ್ನು ನಾವು. ಮೈದುನ ಎದ್ದು ಹೋಗಿ ಅಣ್ಣನಿಗೆ ನೀರು ತಂದುಕೊಟ್ಟ. ಇವರು ಕುಡಿದರು.

ಕಂತಿನ ವಿಷಯ ರಾತ್ರಿ ಇವರಿಗೆ ಹೇಳಿದೆ. "ನನಗ್ಯಾಕ ಹೇಳ್ಲಿಲ್ಲ ಅಂವ?" ಅಂದರು. ಎದ್ದು ಹೊರಗೆ ಹೋದರು. ಹೇಳಿದ್ದು ಸರಿಯೋ ಏನೋ.

ಜನವರಿ 19, ಭಾನುವಾರ

ಎಲ್ಲರೂ ಹೊರಟರು. ಶೇಂಗಾ ಚಟ್ನಿ, ಗುರೆಳ್ಳು ಪುಡಿ, ರೊಟ್ಟಿಯ ಗಂಟು, ಎರಡು ಸೇರು ತೊಗರಿಬೇಳೆ. ಇವರೇ ಸ್ಟೇಷನ್‌ಗೆ ಬಿಟ್ಟು ಬಂದರು, ಬರಲು ತಡವಾಯಿತು. ಏನು ಮಾತಾಡಿಕೊಂಡರೋ ಹೇಳಲಿಲ್ಲ.

ನೆಗೆಣ್ಣಿ ಹೋಗುವ ಮುಂಚೆ ಒಂದು ರೊಟ್ಟಿ ಬಡಿದಳು. ಹರಿಯಲಿಲ್ಲ.

ಜನವರಿ 26

ಧ್ವಜಾರೋಹಣ, ಮಕ್ಕಳ ಕವಾಯತು, ಬೂಂದಿ. ಮನೆ ಬಿಕೋ ಅನ್ನುತ್ತಿದೆ. ಪೇಪರ್ ತಿದ್ದಿ ಮುಗಿಸಿದೆ.

ಜನವರಿ 29, ಬುಧವಾರ. ಅವರಾತ್ರಿ ಅಮಾವಾಸ್ಯೆ

ಬೆಳಿಗ್ಗೆಯೇ ಟಿವಿಯಲ್ಲಿ: ಪ್ರಯಾಗರಾಜ್‌ನಲ್ಲಿ ಕಾಲ್ತುಳಿತ. ನಾದಿನಿಯ ಫೋನು ಹತ್ತುತ್ತಿಲ್ಲ. ಅವಳ ಗಂಡನದೂ ಇಲ್ಲ. ಶಾಲೆಗೆ ಹೋದೆ, ಪಾಠ ಮಾಡಿದೆ, ಏನು ಮಾಡಿದೆನೋ ನೆನಪಿಲ್ಲ. ಮಧ್ಯಾಹ್ನ ಬೇರೆಯವರ ನಂಬರಿನಿಂದ ಅವಳೇ ಮಾತಾಡಿದಳು. ಸಂಗಮಕ್ಕೆ ಮುಟ್ಟಿರಲೇ ಇಲ್ಲ, ಬಸ್ಸು ದೂರದಲ್ಲೇ ನಿಂತಿತ್ತು. ಅತ್ತೆ ಫೋನು ಹಿಡಿದು ಅತ್ತರು. ಸಂಜೆ ಹೊತ್ತಿಗೆ ಸತ್ತವರು 30 ಅಂತ ಬಂತು. ಬೆಳಗಾವಿಯವರೂ ಇದ್ದಾರೆ. ನಮ್ಮವಳು ಉಳಿದಳೆಂದು ಖುಷಿಪಡಲು ಒಳಗೇನೋ ತಡೆಯುತ್ತದೆ.

ದಾಸೋಹ ಇವತ್ತಿಗೆ ಮುಗಿಯಿತು. ಮಾವ ಮಠಕ್ಕೆ ಹೋಗಿ ಬಂದು ಕಟ್ಟೆಯ ಮೇಲೆ ಕೂತರು. ಮೈದುನನ ಫೋನು ಬಂದಿತ್ತಂತೆ, ಯುಗಾದಿಗೆ ಬರುತ್ತಾನೆ, ವಾಟ್ನಿ ಆಗೇ ಆಗುತ್ತದೆ. ಅಣ್ಣತಮ್ಮ ಇಬ್ಬರೂ ಒಪ್ಪಿದ್ದಾರೆ. ಮಾವನಿಗೆ ಸಿಟ್ಟಿಲ್ಲ. ಒಂದೇ ಮಾತು ಕೇಳಿದರು: "ಮಠದ ಜ್ವಾಳ ಯಾರ ಪಾಲಿಗೆ ಬರಸೂದು?"

ಯಾರೂ ಉತ್ತರ ಕೊಡಲಿಲ್ಲ. ನನ್ನ ಪಾಲಿಗೆ ಬರೆಸಿರಿ ಅಂತ ಬಾಯಿಗೆ ಬಂದಿತ್ತು. ನನ್ನ ಹೆಸರಲ್ಲಿ ಹೊಲ ಎಲ್ಲಿದೆ? ಸಂಬಳ ಇದೆ. ಎರಡು ಚೀಲ ಜೋಳ ಕೊಂಡು ಕೊಡಬಹುದು. ಕೊಂಡು ಕೊಟ್ಟದ್ದನ್ನು ಮಾವ ಒಪ್ಪುತ್ತಾರೋ ಇಲ್ಲವೋ. ನಾಳೆ ಕೇಳುತ್ತೇನೆ, ಇವರು ಹೊಲಕ್ಕೆ ಹೋದ ಮೇಲೆ.