ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯನ್ನು ನಮ್ಮಲ್ಲಿ ಕೇಳದವರಿಲ್ಲ. ಕೇಳಿದವರೆಲ್ಲರೂ ನಗುವರು; ಆದರೆ ತಮ್ಮ ಸರದಿ ಬಂದಾಗ ಆ ಕಾದ ಸಲಾಕೆಯನ್ನು ಕೈಯಲ್ಲಿ ಹಿಡಿಯದವರು ವಿರಳ. 2024ನೆಯ ಇಸವಿಯ ಮಾಘಮಾಸದಲ್ಲಿ ನಾವು ಅಂಥದೊಂದು ಅವಿಚಾರಕ್ಕೆ ಕೈಹಾಕಿ, ಮನೆತನದ ಒಂದು ಅಮೂಲ್ಯ ವಸ್ತುವನ್ನು ಕಳೆದುಕೊಳ್ಳುವದರಲ್ಲಿದ್ದೆವು. ಅದು ಉಳಿದುಬಂದ ಬಗೆಯನ್ನು ಹೇಳಿದರೆ ವಾಚಕರ ಪೈಕಿ ಕೆಲವರಿಗಾದರೂ ಉಪಯೋಗವಾದೀತೆಂದು ಇದನ್ನು ಬರೆಯುತ್ತೇವೆ.

ನಮ್ಮದು ಸವದತ್ತಿಯ ಸೀಮೆಯ ಚಚಡಿ ಗ್ರಾಮ. 2007ರಲ್ಲಿ ನಮ್ಮ ಕಿರಿಯ ತಂಗಿಯ ವಿವಾಹವು ಊರ ಮನೆಯ ಮುಂದೆಯೇ ಹಂದರ ಹಾಕಿ ನಡೆಯಿತು. ಚಿತ್ರ ತೆಗೆಯುವವನೊಬ್ಬನು ಎರಡು ದಿವಸ ಇದ್ದು, ನಡೆದದ್ದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದುಕೊಂಡು, ತಿಂಗಳೊಪ್ಪತ್ತಿನ ಮೇಲೆ ಒಂದು ಹೊಳೆಯುವ ತಟ್ಟೆಯನ್ನು ತಂದುಕೊಟ್ಟನು. ನಮ್ಮ ತಾಯಿಯವರು ಅರಿಷಿಣ ಹಚ್ಚುವ ಹೊತ್ತಿಗೆ ಹಾಡಿದ ಸೋಬಾನದ ಪದವು ಆ ತಟ್ಟೆಯಲ್ಲಿತ್ತು. ಅವರಿಗೆ ಅಕ್ಷರ ಬರುತ್ತಿರಲಿಲ್ಲವಾದ್ದರಿಂದ ಅವರ ಹಾಡುಗಳು ಕಾಗದಕ್ಕೆ ಇಳಿಯಲೇ ಇಲ್ಲ. 2015ರಲ್ಲಿ ಅವರು ಕಾಲವಾದರು. ಈಗ ನಮ್ಮ ಮಗಳ ಮದುವೆ ನಿಶ್ಚಯವಾಗಿ, ಅರಿಷಿಣಕ್ಕೆ ಅದೇ ಪದವನ್ನು ಹೇಳಬೇಕೆಂದು ಹೆಂಗಸರು ಮನಸ್ಸು ಮಾಡಿದರು. ಎಲ್ಲರೂ ಕೂಡಿ ನೆನಪು ಮಾಡಿದರೂ ಮೊದಲಿನ ಎರಡು ನುಡಿಗಳ ಆಚೆಗೆ ಒಬ್ಬರಿಗೂ ಬರಲೊಲ್ಲದು. "ಮದವಿ ಸಿಡಿಯೊಳಗ ಐತಲ್ರೀ, ಹಚ್ಚಿ ಕೇಳೂಣು" ಎಂದು ನಮ್ಮ ಮನೆಯವರು ಅಂದರು.

ಟ್ರಂಕಿನೊಳಗೆ ಸೀರೆಗಳ ಪದರಿನಲ್ಲಿದ್ದ ತಟ್ಟೆಯನ್ನು ತೆಗೆದು ಕಂಪ್ಯೂಟರಿನ ಹರಿವಾಣದಲ್ಲಿಟ್ಟು ಒಳಗೆ ನೂಕಿದೆವು. ಯಂತ್ರವು ಗರ್ರೆಂದು ತಿರುಗಿತು, ನಿಂತಿತು, ಮತ್ತೆ ತಿರುಗಿತು. ಕೊನೆಗೆ, ತಟ್ಟೆಯನ್ನೇ ಹಾಕಿಲ್ಲವೆಂಬಂತೆ, 'ತಟ್ಟೆ ಹಾಕಿರಿ' ಎಂದು ಪರದೆಯ ಮೇಲೆ ಅಪ್ಪಣೆ ಕೊಟ್ಟಿತು. ನಾಲ್ಕು ಸಲ ಹಾಕಿದೆವು, ನಾಲ್ಕು ಸಲವೂ ಅದೇ ಉತ್ತರ.

ಮನೆತುಂಬ ವೈದ್ಯರು ಹುಟ್ಟಿಕೊಂಡರು. ಒಬ್ಬ ಹುಡುಗನು ತಟ್ಟೆಯನ್ನು ಕಸಿದುಕೊಂಡು, ಕನ್ನಡಿ ತಿಕ್ಕಿದಂತೆ ತನ್ನ ಅಂಗಿಯ ಚುಂಗಿನಿಂದ ಗುಂಡಗೆ ತಿಕ್ಕಿದನು. ಹಲ್ಲುಜ್ಜುವ ಪೇಸ್ಟು ಹಚ್ಚಬೇಕೆಂದು ಇನ್ನೊಬ್ಬನೂ, ಕೊಬ್ಬರಿಯೆಣ್ಣೆ ಒಳ್ಳೆಯದೆಂದು ಮತ್ತೊಬ್ಬನೂ ಸೂಚಿಸಿದರು. ನಾವಾದರೋ ತರ್ಕಶಾಸ್ತ್ರವನ್ನು ಹೂಡಿದೆವು. ಹಿಂದೊಮ್ಮೆ ಭಾರತ ಹುಣ್ಣಿವೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋದಾಗ ಜಾತ್ರೆಯಲ್ಲಿ ಕೊಂಡು ತಂದ ಶ್ರೀಕೃಷ್ಣ ಪಾರಿಜಾತದ ತಟ್ಟೆಯೊಂದು ಮನೆಯಲ್ಲಿತ್ತು. ಅದನ್ನು ಹಾಕಿದೆವು. ಕೂಡಲೆ ತಾಳಮದ್ದಳೆಗಳೊಡನೆ ಆಟ ಶುರುವಾಯಿತು. ಆಯಿತಲ್ಲ! ಯಂತ್ರವು ಸುರಳೀತವಾಗಿದೆ, ಆದುದರಿಂದ ಮದುವೆಯ ತಟ್ಟೆಯೇ ಕೆಟ್ಟಿದೆ ಎಂದು ತೀರ್ಪು ಕೊಟ್ಟು ಕೈತೊಳೆದುಕೊಂಡೆವು.

ಆ ದಿವಸಗಳಲ್ಲಿ ಹೊಲದೊಳಗೆ ಬಿಳಿಜೋಳವು ಹಾಲುಗಾಳಾಗಿ ನಿಂತಿತ್ತು. ಹಕ್ಕಿಗಳನ್ನು ಬೆದರಿಸಲು ಕೆಟ್ಟ ಸಿಡಿಗಳನ್ನು ದಾರಕ್ಕೆ ಕಟ್ಟಿ ತೆನೆಗಳ ಮೇಲೆ ತೂಗಬಿಡುವ ರೂಢಿಯುಂಟು. ಗಾಳಿಗೆ ಅವು ಹೊರಳಿ ಮಿಂಚುವವು. ನಮ್ಮ ಹೊಲದ ಆಳು ಆ ತಟ್ಟೆಯನ್ನು ಕಂಡು, "ಕೆಟ್ಟೈತಲ್ರೀ ಗೌಡ್ರ, ಹೊಲಕ್ಕ ಒಯ್ತೀನ್ರಿ" ಎಂದು ಕೇಳಿದನು. ನಾವು ಒಯ್ಯೆಂದೂ ಅಂದೆವು. ಆದರೆ ನಮ್ಮ ಮನೆಯವರು ಅದನ್ನು ಅವನ ಕೈಯಿಂದ ತಿರುಗಿ ಇಸಿದುಕೊಂಡು, "ಇರಲಿ ಬಿಡ್ರಿ. ಕೆಟ್ಟರೂ ಅತ್ತಿಯವರ ದನಿ ಅದರಾಗ ಐತಿ" ಎಂದು ಮತ್ತೆ ಸೀರೆಯ ಪದರಿಗೇ ಸೇರಿಸಿದರು. ನಮ್ಮ ತರ್ಕಶಾಸ್ತ್ರಕ್ಕಿಂತ ಅವರ ಮಮತೆಯೇ ಹೆಚ್ಚು ಶಾಣ್ಯಾತನದ್ದಾಯಿತು.

ನೆರೆಮನೆಯ ಹುಡುಗನೊಬ್ಬನು ಬೆಳಗಾವಿಯಲ್ಲಿ ಪಾಲಿಟೆಕ್ನಿಕ್ ಓದುತ್ತಿರುವನು. ಅವನು ರಜೆಗೆ ಬಂದಾಗ ಈ ಸಂಗತಿ ಕಿವಿಗೆ ಬಿದ್ದು ನಮ್ಮಲ್ಲಿಗೆ ಬಂದನು.

"ಕಾಕಾ, ಮಸೀನ ಚಲೋ ಐತಿ ಅಂತ ಹೆಂಗ ಗೊತ್ತಾತ್ರಿ?" ಎಂದು ಕೇಳಿದನು.

"ಪಾರಿಜಾತದ ಸಿಡಿ ಹಾಕಿದ್ವಿ. ಚೊಕ್ಕ ಬಂತಲ್ಲೋ."

"ಅದು ವಿಸಿಡಿ ರೀ, ಕಾಕಾ. ಮದವೀದು ಡಿವಿಡಿ. ಅದನ್ನ ಓದೂ ಬೆಳಕ ಬ್ಯಾರೆ, ಇದನ್ನ ಓದೂ ಬೆಳಕ ಬ್ಯಾರೆ. ಒಂದ ಕಣ್ಣ ಕಾಣತೈತಿ ಅಂದ್ರ ಇನ್ನೊಂದೂ ಕಾಣತೈತಿ ಅಂತ ಹೇಳಾಕ ಬರೂದಿಲ್ರಿ."

ನಮಗೆ ಕಣ್ಣು ತೆರೆದಂತಾಯಿತು. ನಮ್ಮ ಊರ ಮಾತಿನಲ್ಲಿ ಯಾವತ್ತೂ ಹೊಳೆಯುವ ತಟ್ಟೆ 'ಸಿಡಿ'ಯೇ. ಆ ಒಂದೇ ಹೆಸರು ನಮ್ಮನ್ನು ಮೋಸಗೊಳಿಸಿತ್ತು. ಎರಡೂ ತಟ್ಟೆಗಳ ಅಗಲ 12 ಸೆಂಟಿಮೀಟರು, ದಪ್ಪ 1.2 ಮಿಲಿಮೀಟರು. ಎರಡರಲ್ಲಿಯೂ ಬರಹವು ನಡುವಿನಿಂದ ಅಂಚಿನ ಕಡೆಗೆ ಸುರುಳಿಯಾಗಿ ಸಾಗುವದು. ಆದರೆ ಸಿಡಿಯಲ್ಲಿ ಸುರುಳಿಯ ಸುತ್ತುಗಳ ನಡುವಿನ ಅಂತರವು ಒಂದು ಮಿಲಿಮೀಟರಿನ ಸಾವಿರ ಪಾಲಿನಲ್ಲಿ 1.6 ಪಾಲು, ಡಿವಿಡಿಯಲ್ಲಿ ಕೇವಲ 0.74 ಪಾಲು. ಆದಕಾರಣ ಸಿಡಿಯಲ್ಲಿ ಸುಮಾರು 700 ಮೆಗಾಬೈಟು ಹಿಡಿಸಿದರೆ, ಒಂದು ಪದರಿನ ಡಿವಿಡಿಯಲ್ಲಿ 4.7 ಗಿಗಾಬೈಟು ಹಿಡಿಸುವದು. ದಪ್ಪ ಅಕ್ಷರಕ್ಕೆ ದಪ್ಪ ಮೊನೆ, ಸಣ್ಣ ಅಕ್ಷರಕ್ಕೆ ಸಣ್ಣ ಮೊನೆ ಬೇಕಲ್ಲವೇ? ಸಿಡಿಯನ್ನು ಓದಲು 780 ನ್ಯಾನೊಮೀಟರಿನ, ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಲೇಸರ್ ಕಿರಣವನ್ನೂ, ಡಿವಿಡಿಗೆ 650 ನ್ಯಾನೊಮೀಟರಿನ ಕೆಂಪು ಕಿರಣವನ್ನೂ ಬಳಸುವರು. ನಮ್ಮ ಹಳೆಯ ಯಂತ್ರದಲ್ಲಿ ಮೊದಲನೆಯದು ಗಟ್ಟಿಯಾಗಿತ್ತು. ಎರಡನೆಯದು ವಯಸ್ಸಾಗಿ ಬಲಗುಂದಿತ್ತು. ಹುಡುಗನು ಅಂಗಡಿಯಲ್ಲಿ ಕೊಂಡ ಒಂದು ಸಿನೇಮಾದ ಡಿವಿಡಿಯನ್ನು ತಂದು ಹಾಕಿದಾಗ ಯಂತ್ರವು ಅದನ್ನೂ ಅಲ್ಲಗಳೆಯಿತು. ಮಸೂರದ ಮೇಲಿನ ಎರೆಮಣ್ಣಿನ ಧೂಳನ್ನು ಮೆಲ್ಲಗೆ ಊದಿ ತೆಗೆದ ಮೇಲೂ ಓದಲಿಲ್ಲ. ಅಲ್ಲಿಗೆ ಅಪರಾಧಿ ಯಾರೆಂಬುದು ನಿಶ್ಚಯವಾಯಿತು: ತನಗೆ ಓದಲು ಬಾರದೆ ಇದ್ದಾಗ ಯಂತ್ರವು ತಟ್ಟೆಯೇ ಇಲ್ಲವೆಂದು ಹೇಳಿತ್ತು, ನಾವು ಅದನ್ನು ನಂಬಿದ್ದೆವು.

ಆಮೇಲೆ ಅವನು ಹೊರಗಿನಿಂದ ಜೋಡಿಸುವ ಚಿಕ್ಕದೊಂದು ಡ್ರೈವನ್ನು ಎರವು ತಂದನು. ಕಂಪ್ಯೂಟರಿನ ಮುಂಭಾಗದ ಯುಎಸ್‌ಬಿ ಕಂಡಿಗೆ ಹಚ್ಚಿದಾಗ ಅದು ಟಿಕ್ಕು ಟಿಕ್ಕೆಂದು ಸದ್ದು ಮಾಡಿ ಸುಮ್ಮನಾಯಿತು. ನಾವು ಇದೂ ಕೆಟ್ಟಿತೆಂದು ಅನ್ನುವಷ್ಟರಲ್ಲಿ, ಅದಕ್ಕೆ ಸಾಕಷ್ಟು ವಿದ್ಯುತ್ತು ಸಿಗುತ್ತಿಲ್ಲವೆಂದು ಹೇಳಿ, ಪೆಟ್ಟಿಗೆಯ ಹಿಂಭಾಗದ ಕಂಡಿಗೆ ಹಚ್ಚಿದನು. ತಟ್ಟೆಯು ತಿರುಗಿತು, ಅದರೊಳಗಿನ ಕಡತಗಳ ಹೆಸರುಗಳು ಪರದೆಯ ಮೇಲೆ ಸಾಲಾಗಿ ಮೂಡಿದವು. ಕೆಟ್ಟಿತೆಂದು ಹಕ್ಕಿಗಳ ಪಾಲು ಮಾಡಿದ್ದ ತಟ್ಟೆಗೆ ಜೀವವಿತ್ತು!

ಆದರೆ ಹೆಸರು ಕಂಡರೂ ಚಿತ್ರ ಕಾಣಲಿಲ್ಲ. ನಮ್ಮ ಕಂಪ್ಯೂಟರಿನೊಡನೆ ಬಂದ ಪ್ಲೇಯರು ಇದನ್ನು ನುಡಿಸಲಾರೆನೆಂದಿತು. ಇದು ಬೇರೊಂದು ಜಾತಿಯ ತೊಡಕು. ನಮ್ಮ ಸೀಮೆಯ ಎಷ್ಟೋ ಮನೆಗಳಲ್ಲಿ ಮೋಡಿ ಲಿಪಿಯ ಹಳೆಯ ಕಾಗದಗಳಿರುವವು. ಕಣ್ಣು ಚೊಕ್ಕಟವಿದ್ದವನಿಗೂ ಆ ಗೆರೆಗಳು ಕಾಣುವವು, ಅರ್ಥವಾಗುವದಿಲ್ಲ. ಮೋಡಿ ಬಲ್ಲವನೇ ಬೇಕು. ಅದರಂತೆ ಡಿವಿಡಿಯ ಚಿತ್ರವನ್ನು ಎಂಪೆಗ್-2 ಎಂಬ ಸಂಕೇತದಲ್ಲಿ ಒತ್ತಿ ಅಡಕ ಮಾಡಿರುವರು; ಅದನ್ನು ಬಿಡಿಸಿ ಹೇಳುವ ದುಭಾಷಿಯು ಅನೇಕ ಕಂಪ್ಯೂಟರುಗಳಲ್ಲಿ ಮೊದಲಿನಿಂದ ಇರುವದಿಲ್ಲ. ಹುಡುಗನು ವಿಎಲ್‌ಸಿ ಎಂಬ ಪ್ಲೇಯರನ್ನು ಇಳಿಸಿಕೊಂಡನು. ಪ್ಯಾರಿಸಿನ ಸಮೀಪದ ಒಂದು ಇಂಜಿನಿಯರಿಂಗ್ ವಿದ್ಯಾಲಯದ ವಿದ್ಯಾರ್ಥಿಗಳ ಉದ್ಯೋಗವಾಗಿ ಹುಟ್ಟಿದ ಅದು 2001ರಿಂದ ಎಲ್ಲರಿಗೂ ಮುಕ್ತವಾಗಿ, ಕಾಸಿಲ್ಲದೆ ದೊರೆಯುತ್ತಿರುವದು. ಅದರ ದುಭಾಷಿಯು ಅದರೊಳಗೇ ಇರುವನು.

ಮೊದಲು ದನಿ ಬಂದಿತು. ಹಂದರದ ಗದ್ದಲ, ಹಲಗೆಯ ಸಪ್ಪಳ, ಯಾರೋ ನೀರು ಕೇಳಿದ್ದು. ಹಿಂದೆಯೇ ಚಿತ್ರವು ಮೂಡಿತು. ಹದಿನೇಳು ವರ್ಷ ಹಿಂದಿನ ನಮ್ಮ ಅಂಗಳದಲ್ಲಿ, ಇಂದು ಇಲ್ಲದವರು ಎಷ್ಟೋ ಮಂದಿ ಅಡ್ಡಾಡಹತ್ತಿದರು. ಅರಿಷಿಣದ ಬಟ್ಟಲನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ತಾಯಿಯವರು ಪದವನ್ನೆತ್ತಿದರು. ಮನೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ಎರಡು ನುಡಿಯಾದವು, ಮೂರನೆಯದು ಆರಂಭವಾಯಿತು. ಅಷ್ಟರಲ್ಲಿ ಚಿತ್ರವು ಚೂರುಚೂರಾಗಿ, ಅವರ ಬಾಯಿ ತೆರೆದಂತೆಯೇ ನಿಂತುಬಿಟ್ಟಿತು.

ತಟ್ಟೆಯನ್ನು ಹೊರತೆಗೆದು ಬೆಳಕಿಗೆ ಓರೆಯಾಗಿ ಹಿಡಿದಾಗ, ಅಂಗಿಯಿಂದ ತಿಕ್ಕಿದ ಗುಂಡನೆಯ ಗೀರುಗಳೂ ಬೆರಳಿನ ಜಿಡ್ಡೂ ಕಂಡವು. ಸುರುಳಿಯನ್ನು ಅಡ್ಡಹಾಯುವ ಗೀರು ಪ್ರತಿ ಸುತ್ತಿನಲ್ಲಿಯೂ ತುಸುತುಸು ಮಾತ್ರ ಕೆಡಿಸುವದು. ಅಷ್ಟನ್ನು ತುಂಬಿಕೊಳ್ಳುವ ಯುಕ್ತಿಯು ಬರಹದಲ್ಲಿಯೇ ಅಡಗಿದೆ. ಸುರುಳಿಯ ಜಾಡನ್ನೇ ಹಿಡಿದು ಸಾಗುವ ಗೀರಾದರೋ ಒಂದೇ ಕಡೆಯ ಬರಹವನ್ನು ಉದ್ದಕ್ಕೆ ನುಂಗಿಬಿಡುವದು. ಆದುದರಿಂದ ತಟ್ಟೆಯನ್ನು ಗುಂಡಗೆ ಒರೆಸದೆ, ನಡುವಿನಿಂದ ಅಂಚಿಗೆ ನೆಟ್ಟಗೆ ಒರೆಸಬೇಕು. ಹುಡುಗನು ಮೆತ್ತನೆಯ ಹಳೆಯ ಅರಿವೆಯನ್ನು ತಿಳಿನೀರಲ್ಲಿ ತೋಯಿಸಿ ಹಿಂಡಿ ಹಾಗೆಯೇ ಒರೆಸಿದನು. ಬಳಿಕ ಅದನ್ನು ಮತ್ತೆ ನುಡಿಸಲಿಲ್ಲ. ಮೊದಲು ಇಡೀ ತಟ್ಟೆಯ ನಕಲನ್ನು ಕಂಪ್ಯೂಟರಿಗೆ ಇಳಿಸಿಕೊಂಡನು. ಓದಲು ಬಾರದ ಕಡೆ ತಡೆದು, ಮತ್ತೆ ಮತ್ತೆ ಓದಿ, ಎರಡು ತಾಸಿನ ಮೇಲೆ ನಕಲು ಪೂರ್ತಿಯಾಯಿತು. ಮೂರನೆಯ ನುಡಿಯಲ್ಲಿ ಕೆಲವು ಕ್ಷಣಗಳ ಮಾತು ಮಾತ್ರ ಬರಲೇ ಇಲ್ಲ. ಅದು ನಮ್ಮ ಕೈಯಾರೆ ಎಳೆದ ಬರೆಯ ಗುರುತು.

ಅದೇ ದಿವಸ ಇನ್ನೊಂದು ಕೌತುಕವನ್ನೂ ಕಂಡೆವು. ಅಮೇರಿಕೆಯಲ್ಲಿರುವ ಬೀಗರು ಹಿಂದೆ ತಂದುಕೊಟ್ಟ ಸಿನೇಮಾದ ಡಿವಿಡಿಯು ಹೊಸ ಡ್ರೈವಿನಲ್ಲಿಯೂ ನಡೆಯಲಿಲ್ಲ. ಇದು ರೋಗವಲ್ಲ, ಕಟ್ಟಳೆ. ಸಿನೇಮಾ ಮಾರುವವರು ಜಗತ್ತನ್ನು ಆರು ವಲಯಗಳಾಗಿ ಹಂಚಿಕೊಂಡಿರುವರು. ಅಮೇರಿಕೆಯದು 1, ಹಿಂದುಸ್ಥಾನದ್ದು 5. ಡ್ರೈವಿನ ವಲಯವನ್ನು ಬದಲಿಸಲು ಸಾಮಾನ್ಯವಾಗಿ ಐದೇ ಸಲ ಅವಕಾಶವಿದ್ದು, ಐದನೆಯ ಸಲದ್ದೇ ಖಾಯಮ್ಮಾಗುವದು. ಆದ್ದರಿಂದ ಅಲ್ಲಿ ಬಂದ ಪ್ರಶ್ನೆಗೆ ಹಿಂದುಮುಂದು ನೋಡದೆ ಹೌದೆಂದು ಒತ್ತಬಾರದು. ಮದುವೆಯ ಮನೆಗಳಲ್ಲಿ ಮಾಡಿಸಿದ ತಟ್ಟೆಗಳಿಗೆ ಈ ವಲಯದ ಬಾಧೆಯಿಲ್ಲ.

ನಾವು ಕಲಿತದ್ದನ್ನು ಸಂಕ್ಷೇಪವಾಗಿ ಹೇಳುವದಾದರೆ ಇಷ್ಟು. ತಟ್ಟೆ ನಡೆಯದಿದ್ದರೆ ಅದೇ ಜಾತಿಯ ಇನ್ನೊಂದು ತಟ್ಟೆಯನ್ನು ಅದೇ ಯಂತ್ರದಲ್ಲಿ ಹಾಕಿ ನೋಡಬೇಕು. ಡಿವಿಡಿಗೆ ವಿಸಿಡಿಯ ಸಾಕ್ಷಿ ನಡೆಯದು. ಬಳಿಕ ಅದೇ ತಟ್ಟೆಯನ್ನು ಇನ್ನೊಂದು ಯಂತ್ರದಲ್ಲಿ ಹಾಕಬೇಕು. ಕಡತಗಳು ಕಂಡೂ ಚಿತ್ರ ಬಾರದಿದ್ದರೆ ಪ್ಲೇಯರನ್ನು ಬದಲಿಸಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿದರೆ ದೋಷವೆಲ್ಲಿದೆಯೆಂಬುದು ತಾನೇ ತಿಳಿಯುವದು. ಎಲ್ಲವನ್ನೂ ಕೂಡಿಯೇ ಕಲಕಿದರೆ ಏನೂ ತಿಳಿಯದು. ಇಂಥ ತಟ್ಟೆಗಳಲ್ಲಿ ಬರಹವು ಒಂದು ಬಣ್ಣದ ಪದರಿನ ಮೇಲಿರುವದರಿಂದ ಬಿಸಿಲು, ಸೆಕೆಗಳಿಗೆ ಅದು ಮಾಸುವದು. ತಂಪಾದ ಕತ್ತಲೆಯಲ್ಲಿಡುವದು ಲೇಸು. ಸಿಡಿಯ ಹೆಸರು ಬರೆಯುವ ಮೈಯೇ ಹೆಚ್ಚು ನಾಜೂಕಿನದು, ಅಲ್ಲಿ ಬಾಲ್‌ಪೆನ್ನನ್ನು ಒತ್ತಿ ಬರೆಯಲಾಗದು. ಎಲ್ಲಕ್ಕೂ ಮೇಲಾಗಿ, ನಡೆಯುತ್ತಿರುವಾಗಲೇ ನಕಲು ಮಾಡಿಟ್ಟುಕೊಳ್ಳಬೇಕು. ಹೊಸ ಕಂಪ್ಯೂಟರುಗಳಲ್ಲಿ ಡಿವಿಡಿಯ ಹರಿವಾಣವೇ ಅಪರೂಪವಾಗಿರುವದರಿಂದ, ತಟ್ಟೆ ಉಳಿದರೂ ಅದನ್ನು ಓದುವ ಯಂತ್ರವು ಸಿಕ್ಕೀತೆಂಬ ಭರವಸೆಯಿಲ್ಲ. ನಮ್ಮ ನಕಲುಗಳು ಈಗ ಮೂರು ಕಡೆ ಇವೆ: ಕಂಪ್ಯೂಟರಿನಲ್ಲೊಂದು, ಟ್ರಂಕಿನ ಪೆನ್‌ಡ್ರೈವಿನಲ್ಲೊಂದು, ಹುಬ್ಬಳ್ಳಿಯ ತಂಗಿಯ ಮನೆಯಲ್ಲೊಂದು.

ಇನ್ನು ಆ ಮೂರನೆಯ ನುಡಿಯ ಮಾತು. ಮಾರನೆಯ ದಿವಸ ಹೆಂಗಸರು ಸುತ್ತಲೂ ಕುಳಿತು, ಹಾಡನ್ನು ತಡೆತಡೆದು ಕೇಳಿ ನೋಟುಬುಕ್ಕಿನಲ್ಲಿ ಬರೆದುಕೊಳ್ಳಹತ್ತಿದರು. ವಾಡೆಯ ಕಡೆಯ ಓಣಿಯ ಒಬ್ಬ ಮುದುಕಿಯೂ ಬಂದು ಕೂತಿದ್ದಳು. ಹಿಂದಿನ ವಾರ ಕೇಳಿದಾಗ ತನಗೇನೂ ನೆನಪಿಲ್ಲವೆಂದು ಅವಳು ತಲೆಯಲ್ಲಾಡಿಸಿದ್ದಳು. ಈಗ ಚಿತ್ರವು ಚೂರಾಗಿ ದನಿ ಕಡಿದ ಆ ಕ್ಷಣದಲ್ಲಿ, ತಾಯಿಯವರು ಬಿಟ್ಟಲ್ಲಿಂದಲೇ ಎತ್ತಿಕೊಂಡು, ಅದೇ ಧಾಟಿಯಲ್ಲಿ ಆ ಸಾಲನ್ನು ಹೇಳಿ ಮುಗಿಸಿದಳು. ತಾಯಿಯವರ ದನಿಯು ಮುಂದಿನ ಸಾಲಿಗೆ ಬಂದು ಕೂಡಿತು. ನಮ್ಮ ಮನೆಯವರು ಸೆರಗಿನಿಂದ ಕಣ್ಣೊರೆಸಿಕೊಂಡು ಬರೆದುಕೊಂಡರು.

ಮಗಳ ಅರಿಷಿಣದ ದಿವಸ ಪದವನ್ನು ಪೂರ್ತಿಯಾಗಿ ಹಾಡಿದರು. ತಟ್ಟೆಯು ಅದೇ ಸೀರೆಗಳ ನಡುವೆ ಇದೆ. ಹೊಲದ ಆಳಿಗೆ, ಪಾಪ, ಹಕ್ಕಿ ಬೆದರಿಸಲು ಬೇರೆ ತಟ್ಟೆಯನ್ನು ಹುಡುಕಿಕೊಟ್ಟೆವು. ಆದರೆ ಕೊಡುವ ಮೊದಲು ಅದನ್ನು ಎರಡು ಯಂತ್ರಗಳಲ್ಲಿ ಹಾಕಿ ನೋಡಿಯೇ ಕೊಟ್ಟೆವು.