ಪುತ್ತಂಗಾಡಿಯ ಗುಡಿಯ ದಾರಿಯಲ್ಲಿ

ವಯನಾಡಿನ ಪನಮರದ ಬಳಿ ಪುತ್ತಂಗಾಡಿಯಲ್ಲಿ ಕಾಫಿ ತೋಟಗಳ ನಡುವೆ ಜನಾರ್ದನ ಗುಡಿ, ವಿಷ್ಣು ಗುಡಿ ಎಂಬ ಎರಡು ಪ್ರಾಚೀನ ಕಲ್ಲಿನ ಗುಡಿಗಳಿವೆ. ಮೂಲತಃ ಜೈನ ಬಸದಿಗಳೆಂದು ಪ್ರತೀತಿ. ಭಾದ್ರಪದದಲ್ಲಿ ಮಳೆ ಬಿಡುವು ಕೊಟ್ಟ ದಿನ ನಾವು ಮಕ್ಕಳು ಮೊಮ್ಮಕ್ಕಳೊಡನೆ ಹೋಗಿದ್ದೆವು. ದಾರಿಯುದ್ದಕ್ಕೂ ಪೊದೆ. "ಎಲ್ಲಾ ಕಳೆ ಅಜ್ಜ, ಸವರಿಸಿಬಿಡಬೇಕು" ಎಂದ ಮೊಮ್ಮಗ.

ಅಂಗಡಿಯಲ್ಲಿ ಕಾಳುಮೆಣಸನ್ನು ಮೂಸಿ, ಒತ್ತಿ ನೋಡುವಂತೆ ಗಿಡವನ್ನೂ ನೋಡಬೇಕು. ನಾಲ್ಕು ಮೂಲೆಯ ಮುಳ್ಳುಕಾಂಡ, ಒಂದೇ ಗೊಂಚಲಲ್ಲಿ ಎರಡು ಬಣ್ಣದ ಹೂ ಇದ್ದರೆ ಲಂಟಾನ. ಎಲೆಯಲ್ಲಿ ಮೂರು ನರ, ತಿಕ್ಕಿದರೆ ಘಾಟು ಬಂದರೆ ಇಲ್ಲಿಯವರ 'ಕಮ್ಯೂನಿಸ್ಟ್ ಪಚ್ಚ'. ಎರಡೂ ಅಮೆರಿಕ ಖಂಡದಿಂದ ಬಂದು ಬೇರೆ ಗಿಡಗಳನ್ನು ಅಮುಕಿಬಿಡುತ್ತವೆ. ಅವುಗಳ ಅಂಚಿನಲ್ಲೇ ನಮ್ಮ ನೆಲದವೂ ಉಳಿದಿವೆ: ಓಣಂ ಹೂರಂಗೋಲಿಗೆ ಬೇಕಾಗುವ ಬಿಳಿ ತುಂಬೆ, ಪಂಚೆಗೆ ಬೀಜ ಅಂಟಿಸುವ ಉತ್ತರಾಣಿ, ಎಲೆಯ ತುದಿಯನ್ನೇ ಸುರುಳಿ ಮಾಡಿ ಆಸರೆ ಹಿಡಿಯುವ ಗೌರಿ ಹೂ. ಇದರ ಗೆಡ್ಡೆ ಪ್ರಾಣ ತೆಗೆಯುವ ವಿಷವೆಂದು ಮಕ್ಕಳಿಗೆ ಎಚ್ಚರಿಸಿದೆವು.

ಕೂಲಿಯವರ ಕತ್ತಿಗೆ ಲಂಟಾನವೂ ಒಂದೇ, ತುಂಬೆಯೂ ಒಂದೇ. ವನಸ್ಪತಿಯಲ್ಲಿಯೂ ಜೀವವಿದೆಯೆಂದು ನಂಬುವ ನಾವು ಹೆಸರು ತಿಳಿಯದೆ ಕಡಿಸುವುದು ಸರಿಯೇ? ಊರ ಬಸದಿಯ ಆವರಣ ಶುಚಿ ಮಾಡಿಸುವ ಬಾಂಧವರು ಮೊದಲು ಮಕ್ಕಳೊಡನೆ ಒಂದು ಸುತ್ತು ಬಂದು, ಉಳಿಸಬೇಕಾದ ಗಿಡಗಳನ್ನು ಕೂಲಿಯವರಿಗೆ ತೋರಿಸಿಕೊಡಲಿ.