ಪೇತ್ರ ಪಂಕ್ತಿಯಿಂದ ಎದ್ದ ದಿನ

ಕಡೂರಿನಲ್ಲಿ ಬಸ್ಸು ಹತ್ತಿದ್ದೀರಿ. ಸಂಜೆ ಐದಾಗುತ್ತ ಬಂದರೂ ಕಿಟಕಿಯ ಸರಳು ಸುಡುತ್ತಿದೆ. 2026ರ ಏಪ್ರಿಲ್ 2, ಈಸ್ಟರಿಗೆ ಮುಂಚಿನ ಪವಿತ್ರ ಗುರುವಾರ. ಬೀರೂರು ದಾಟಿದ ಮೇಲೆ ಬಸ್ಸು ನಿಲ್ಲುತ್ತದೆ: ರಸ್ತೆ ತುಂಬ ಕುರಿಮಂದೆ. ಹೆಗಲಿಗೆ ಕಂಬಳಿ, ಕೈಯಲ್ಲಿ ಕೋಲು, ಕಾಲಲ್ಲಿ ದಪ್ಪ ಚಪ್ಪಲಿ ಮೆಟ್ಟಿದ ಕುರುಬರವನು ಚಾಲಕನ ಹಾರನ್ನಿಗೆ ಕ್ಯಾರೇ ಅನ್ನದೆ ಮಂದೆಯನ್ನು ಪಕ್ಕಕ್ಕೆ ಹೊಡೆಯುತ್ತಾನೆ. ಬಯಲುಸೀಮೆಯ ತೆಂಗು ಹಿಂದೆ ಸರಿದು, ಅಡಿಕೆ ತೋಟಗಳು ಹತ್ತಿರ ಬಂದಾಗ ತರೀಕೆರೆ.

ಚರ್ಚಿನ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ನಿಮ್ಮದನ್ನೂ ಅಲ್ಲೇ ಬಿಟ್ಟು ಹಿಂದಿನ ಸಾಲಿನಲ್ಲಿ ಕೂರುತ್ತೀರಿ. ಇದು ಚಿಕ್ಕಮಗಳೂರು ಧರ್ಮಪ್ರಾಂತ್ಯದ ಸೀಮೆ. ಆ ಪ್ರಾಂತ್ಯ ಆದದ್ದು 1963ರಲ್ಲಿ, ಎರಡನೇ ವ್ಯಾಟಿಕನ್ ಮಹಾಸಭೆ ಲ್ಯಾಟಿನ್ ಪೂಜೆಯನ್ನು ಜನರ ಮಾತಿಗೆ ತಿರುಗಿಸುತ್ತಿದ್ದ ಕಾಲದಲ್ಲಿ. ಗಂಟೆಗಳು ಒಮ್ಮೆಲೇ ಮೊಳಗಿ ನಿಲ್ಲುತ್ತವೆ. ಇನ್ನು ಶನಿವಾರ ರಾತ್ರಿಯವರೆಗೆ ಅವು ಸದ್ದು ಮಾಡುವಂತಿಲ್ಲ. ಒಬ್ಬ ಹುಡುಗಿ ಎದ್ದು ಹೋಗಿ ಮೈಕಿನ ಮುಂದೆ ವಿಮೋಚನಾಕಾಂಡದ ಹನ್ನೆರಡನೆಯ ಅಧ್ಯಾಯ ಓದುತ್ತಾಳೆ.

ಯೇಸುವಿನ ಹೆಸರಿಲ್ಲದ ಓದು ಅದು. ಈಜಿಪ್ಟಿನಲ್ಲಿ ಜೀತಕ್ಕೆ ಬಿದ್ದ ಇಸ್ರಯೇಲರು ಒಂದು ವರ್ಷದ, ಊನವಿಲ್ಲದ ಗಂಡುಮರಿಯನ್ನು ತಿಂಗಳ ಹತ್ತನೆಯ ದಿನ ಆರಿಸಿ, ಹದಿನಾಲ್ಕರ ಮುಸ್ಸಂಜೆ ಕೊಯ್ದು, ಬಾಗಿಲ ಪಟ್ಟಿಗೆ ರಕ್ತ ಬಳಿಯಬೇಕು. ಮಾಂಸ ಸುಟ್ಟು ಹುಳಿಯಿಲ್ಲದ ರೊಟ್ಟಿ, ಕಹಿಸೊಪ್ಪಿನ ಜೊತೆ ತಿನ್ನಬೇಕು. ಹೇಗೆ? ನಡುಕಟ್ಟಿ, ಚಪ್ಪಲಿ ಮೆಟ್ಟಿ, ಕೋಲು ಹಿಡಿದು, ಅವಸರದಲ್ಲಿ. ಬೀರೂರಿನ ರಸ್ತೆಯಲ್ಲಿ ಕಂಡವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬರಿಗಾಲಲ್ಲಿ ಕೂತ ನಿಮಗೆ ಮಾತ್ರ ಬಾಗಿಲ ಹೊರಗಿನ ಚಪ್ಪಲಿಯ ನೆನಪಾಗುತ್ತದೆ.

ಆಮೇಲೆ ಪೌಲ ಕೊರಿಂಥದವರಿಗೆ ಬರೆದ ಪತ್ರ, ಆಮೇಲೆ ಯೊವಾನ್ನನ ಶುಭಸಂದೇಶ. ಯೇಸು ಶಿಷ್ಯರಿಗೆ ಮಾಡಿದಂತೆ ಗುರುಗಳು ಮೇಲಂಗಿ ಕಳಚಿಟ್ಟು ಹನ್ನೆರಡು ಮಂದಿಯ ಕಾಲು ತೊಳೆಯುತ್ತಾರೆ. ನೀವು ಅಂಗಳಕ್ಕೆ ಬರುವ ಹೊತ್ತಿಗೆ ಪೂರ್ವದಲ್ಲಿ, ಅಜ್ಜಂಪುರದ ದಿಕ್ಕಿಗೆ, ಚಂದ್ರ ಒಂದಾಳು ಮೇಲೆ ಬಂದಿದ್ದಾನೆ. ದವನದ ಹುಣ್ಣಿಮೆ ಇವತ್ತು ಬೆಳಿಗ್ಗೆಯಷ್ಟೇ ಕಳೆದದ್ದು.

ಯೆಹೂದ್ಯರ ಪಂಚಾಂಗವೂ ಚಂದ್ರನದೇ. ವರ್ಷ ಸೂರ್ಯನಿಗಿಂತ ಹಿಂದೆ ಬಿದ್ದರೆ ಅವರೂ ಅಧಿಕಮಾಸ ಸೇರಿಸುತ್ತಾರೆ, 19 ವರ್ಷಕ್ಕೆ 7. ಅವರ ನಿಸಾನ್ ತಿಂಗಳ ಹುಣ್ಣಿಮೆಯೇ ಪಾಸ್ಖ, ಈಜಿಪ್ಟಿನ ಆ ಕುರಿಮರಿಯ ರಾತ್ರಿಯನ್ನು ನೆನೆಯುವ ಹಬ್ಬ. ಈ ಸಲ ಅದು ನಿನ್ನೆ ಸಂಜೆ ಶುರುವಾಗಿದೆ. ಕ್ರಿ.ಶ. 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರು, ನಮ್ಮ ಹಬ್ಬ ಯೆಹೂದ್ಯರ ಲೆಕ್ಕಕ್ಕೆ ಕಾಯಬೇಕಾಗಿಲ್ಲ ಎಂದು ತೀರ್ಮಾನಿಸಿದ್ದರು. ಹಾಗಾಗಿ 2024ರಲ್ಲಿ ಈಸ್ಟರ್ ಮಾರ್ಚ್ 31ಕ್ಕೇ ಮುಗಿದು, ಪಾಸ್ಖ ಏಪ್ರಿಲ್ 22ರ ಸಂಜೆ ಬಂತು. ಈ ವರ್ಷ ಚಂದ್ರ ಬಿಷಪ್ಪರ ಮಾತು ಕೇಳಿಲ್ಲ: ಎರಡೂ ಒಂದೇ ವಾರ.

ಇಲ್ಲಿಂದ ಹಿಂದಕ್ಕೆ ಹೋಗಿ. ಕ್ರಿ.ಶ. 30ರ ದಶಕ, ಜೆರುಸಲೇಮ್, ಮಧ್ಯಾಹ್ನ ಮೂರು ಗಂಟೆ. ದೇವಾಲಯದಲ್ಲಿ ಸಂಜೆಯ ಬಲಿಯ ಹೊಗೆ ಏಳುತ್ತಿದೆ. ಜನದ ಜೊತೆ ಯೇಸುವಿನ ಶಿಷ್ಯರಾದ ಗಲಿಲೇಯದ ಇಬ್ಬರು ಬೆಸ್ತರು, ಪೇತ್ರ ಮತ್ತು ಯೊವಾನ್ನ, ಪ್ರಾರ್ಥನೆಗೆ ಮೆಟ್ಟಿಲು ಹತ್ತುತ್ತಿದ್ದಾರೆ. ಅವರ ಕೊರಳಲ್ಲಿ ಶಿಲುಬೆಯಿಲ್ಲ. ಹೊಸ ಒಡಂಬಡಿಕೆಯ ಒಂದಕ್ಷರವನ್ನೂ ಯಾರೂ ಬರೆದಿಲ್ಲ. ಧರ್ಮ ಬಿಟ್ಟಿರಾ ಎಂದು ಕೇಳಿ ನೋಡಿ. ಪ್ರಶ್ನೆಯೇ ಅರ್ಥವಾಗದೆ ನಿಮ್ಮ ಮುಖ ನೋಡುತ್ತಾರೆ. ನಮ್ಮ ಪ್ರವಾದಿಗಳು ಹೇಳಿದ್ದವನು ಬಂದ, ಅಷ್ಟೇ. ಅವರು ಪವಿತ್ರಾತ್ಮ ಇಳಿಯಿತೆನ್ನುವ ದಿನವೂ ಯೆಹೂದ್ಯರ ಹಬ್ಬವೇ: ಪಾಸ್ಖದಿಂದ ಐವತ್ತನೆಯ ದಿನದ ಗೋಧಿ ಸುಗ್ಗಿ. ಸೊಲೊಮೋನನ ಮಂಟಪದ ಕಂಬಗಳ ನಡುವೆ ಮಾತು, ಸಂಜೆ ಯಾರದೋ ಮನೆಯಲ್ಲಿ ರೊಟ್ಟಿ ಮುರಿಯುವುದು. ಸಭೆ ಅಂದರೆ ಇಷ್ಟೇ.

ತಕರಾರು ಹುಟ್ಟಿದ್ದು ಊಟದಲ್ಲಿ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ, ಏಕೆಂದರೆ ದೇವರ ಬಗೆಗಿನ ದೊಡ್ಡ ವಾದಗಳಿಗಿಂತ ಇದೇ ಹೆಚ್ಚು ನಿರ್ಣಾಯಕ ಎಂದು ನನಗನ್ನಿಸುತ್ತದೆ.

ಅಂತಿಯೋಕ್ಯ. ರೋಮನ್ ಸಿರಿಯಾದ ರಾಜಧಾನಿ, ಒರೊಂಟಿಸ್ ನದಿಯ ದಡ. ಯೇಸುವಿನ ಶಿಷ್ಯರಿಗೆ ‘ಕ್ರೈಸ್ತರು’ ಎಂಬ ಹೆಸರು ಮೊದಲು ಬಿದ್ದದ್ದು ಈ ಊರಲ್ಲೇ. ಎಣ್ಣೆದೀಪದ ಬೆಳಕಿನಲ್ಲಿ ಯೆಹೂದ್ಯರೂ ಅಲ್ಲದವರೂ ಒಟ್ಟಿಗೆ ಕೂತಿದ್ದಾರೆ, ಒಂದೇ ರೊಟ್ಟಿ ಕೈಯಿಂದ ಕೈಗೆ ಹೋಗುತ್ತಿದೆ. ಪೇತ್ರನೂ ಕೂತಿದ್ದಾನೆ. ಅಷ್ಟರಲ್ಲಿ ಜೆರುಸಲೇಮಿನಿಂದ, ಯೇಸುವಿನ ಸಹೋದರ ಯಕೋಬನ ಕಡೆಯವರು ಬರುತ್ತಾರೆ. ಪೇತ್ರ ಮೆಲ್ಲಗೆ ಪಂಕ್ತಿಯಿಂದ ಎದ್ದು ಬೇರೆ ಕೂರುತ್ತಾನೆ. ಅವನನ್ನು ನೋಡಿ ಪೌಲನ ಜೊತೆಗಾರ ಬಾರ್ನಬನೂ ಏಳುತ್ತಾನೆ. ಯೆಹೂದ್ಯರಲ್ಲದವರಿಗೆ ಸಂದೇಶ ಸಾರುತ್ತಿದ್ದ ಪೌಲ ಸಿಡಿದು, ಎಲ್ಲರೆದುರೇ ಪೇತ್ರನನ್ನು ಹಿಡಿದು ಕೇಳುತ್ತಾನೆ: ನೀನೇ ಇವರಂತೆ ಬದುಕುತ್ತಿದ್ದವನು, ಈಗ ಇವರು ಯೆಹೂದ್ಯರಂತೆ ಬದುಕಲಿ ಅನ್ನುವುದು ಹೇಗೆ? ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನೇ ಇದನ್ನು ಹೇಳಿಕೊಂಡಿದ್ದಾನೆ. ಪೇತ್ರ ಏನು ಉತ್ತರ ಕೊಟ್ಟನೋ ಅದನ್ನು ಮಾತ್ರ ಬರೆಯಲಿಲ್ಲ. ಜಗಳ ಗೆದ್ದವರು ಎದುರಿನವರ ಮಾತು ನೆನಪಿಡುವುದು ಕಡಿಮೆ.

ಪಂಕ್ತಿಭೇದ ಕಂಡುಂಡ ನಾಡಿನವರಾದ ನೀವು ತಟ್ಟನೆ ಪೌಲನ ಕಡೆಗೆ ವಾಲುತ್ತೀರಿ. ಆದರೆ ಯಕೋಬನ ಕಡೆಯವರನ್ನೂ ಒಮ್ಮೆ ನೋಡಿ. ಸುಮಾರು ಇನ್ನೂರು ವರ್ಷದ ಹಿಂದೆ ಗ್ರೀಕ್ ದೊರೆ ಅಂತಿಯೋಕಸ್ ಯೆಹೂದ್ಯರಿಗೆ ಬಲವಂತವಾಗಿ ಹಂದಿಮಾಂಸ ತಿನ್ನಿಸಲು ಹೊರಟಾಗ, ತಿನ್ನದೆ ಸತ್ತವರ ಕತೆ ಕೇಳಿ ಬೆಳೆದವರು ಅವರು. ಊಟದ ಕಟ್ಟಳೆ ಅವರಿಗೆ ಮಡಿಯ ಗರ್ವವಲ್ಲ. ಸಾಮ್ರಾಜ್ಯದ ಬಾಯಲ್ಲಿ ಕರಗಿಹೋಗದಂತೆ ಉಳಿಸಿದ ಬೇಲಿ. ಮೇಲ್ಜಾತಿಯ ಪಂಕ್ತಿಗೂ ಇದಕ್ಕೂ ಅಷ್ಟು ಅಂತರವಿದೆ.

49ರ ಸುಮಾರಿಗೆ ಜೆರುಸಲೇಮಿನಲ್ಲಿ ಕೂತು ಮಾತಾಡಿದರು. ಹೊರಗಿನಿಂದ ಬಂದವರಿಗೆ ಸುನ್ನತಿ ಬೇಡ ಎಂದಾಯಿತು. ನಾಲ್ಕನ್ನು ಬಿಟ್ಟರೆ ಸಾಕು: ವಿಗ್ರಹಕ್ಕೆ ಎಡೆಯಿಟ್ಟದ್ದು, ರಕ್ತ, ಕತ್ತು ಹಿಸುಕಿ ಕೊಂದದ್ದು, ಹಾದರ. ನಾಲ್ಕರಲ್ಲಿ ಮೂರು ತಟ್ಟೆಗೆ ಸೇರಿದ್ದು. ತೀರ್ಪು ಹೇಳಿದವನು ಯಕೋಬನೇ. 62ರಲ್ಲಿ ಅವನನ್ನು ಕಲ್ಲು ಹೊಡೆದು ಕೊಂದರು. 70ರಲ್ಲಿ ರೋಮನ್ನರು ದೇವಾಲಯ ಸುಟ್ಟರು. ಬಲಿಪೀಠವಿಲ್ಲದ ಎರಡು ಮನೆತನಗಳು ಆ ಬೂದಿಯಿಂದ ಬೇರೆ ಬೇರೆ ನಡೆದವು, ಒಂದು ರಬ್ಬಿಗಳ ಹಿಂದೆ, ಇನ್ನೊಂದು ಬಿಷಪ್ಪರ ಹಿಂದೆ. ಆದರೂ ಬಹಳ ದೂರವೇನಲ್ಲ: ಯೂಫ್ರೆಟಿಸ್ ದಡದ ದೂರಾ ಯೂರೋಪಸ್‌ನಲ್ಲಿ, ಮೂರನೆಯ ಶತಮಾನದಲ್ಲಿ, ಕೋಟೆಗೋಡೆಗೆ ಒತ್ತಿಕೊಂಡ ಒಂದೇ ಬೀದಿಯಲ್ಲಿ ಯೆಹೂದ್ಯರ ಸಭಾಮಂದಿರವೂ ಕ್ರೈಸ್ತರ ಮನೆಚರ್ಚೂ ಇದ್ದವು. ಎರಡರ ಗೋಡೆಯ ಮೇಲೂ ಚಿತ್ರಗಳು.

ಈಗ ಇವತ್ತಿನ ರಾತ್ರಿಗೆ ಮರಳಿ: ತರೀಕೆರೆಯಿಂದ ಬೈಕಿನಲ್ಲಿ ಲಕ್ಕವಳ್ಳಿಯ ಕಡೆ ಹೊರಡುತ್ತೀರಿ. ಭದ್ರಾ ಅಣೆಕಟ್ಟಿನ ಕಡೆಯಿಂದ ತಣ್ಣನೆ ಗಾಳಿ. ಈ ಮಲೆನಾಡಿನ ಅಂಚಿಗೆ ಕಳೆದ ಶತಮಾನದಲ್ಲಿ ಕೇರಳದಿಂದ ಬಂದು ನೆಲೆಸಿದ ಸಿರಿಯನ್ ಕ್ರೈಸ್ತ ಕುಟುಂಬಗಳಿವೆ. ಸಿರೋ ಮಲಬಾರ್ ಸಭೆ 2007ರಲ್ಲಿ ಪಕ್ಕದ ಭದ್ರಾವತಿಯಲ್ಲಿ ಧರ್ಮಪ್ರಾಂತ್ಯವನ್ನೇ ಮಾಡಿತು. ತೋಟದ ನಡುವಿನ ಅಂಥದೊಂದು ಮನೆಯಲ್ಲಿ ಚಾಪೆ ಹಾಸಿದೆ. ಇವತ್ತು ಪೆಸಹಾ: ಪಾಸ್ಖಕ್ಕೆ ಇವರ ಹೆಸರು. ಅಕ್ಕಿ, ಉದ್ದಿನ ಹಿಟ್ಟನ್ನು ಹುಳಿ ಬರಿಸದೆ ಬೇಯಿಸಿದ ಅಪ್ಪ, ಅದರ ಮೇಲೆ ಗರಿಗಳ ಭಾನುವಾರ ತಂದ ಗರಿಯ ಶಿಲುಬೆ. ಪಕ್ಕದಲ್ಲಿ ತೆಂಗಿನಹಾಲಿಗೆ ಬೆಲ್ಲ ಹಾಕಿ ಕಾಯಿಸಿದ ‘ಪಾಲ್’. ವರ್ಷದೊಳಗೆ ಸಾವಾದ ಮನೆಯಲ್ಲಿ ಇದನ್ನು ಮಾಡುವುದಿಲ್ಲ, ನೆರೆಯವರು ತಂದುಕೊಡುತ್ತಾರೆ.

ಪ್ರಾರ್ಥನೆ ಮುಗಿಸಿ ಅಜ್ಜ ಅಪ್ಪವನ್ನು ಮುರಿಯುತ್ತಾರೆ. ವಯಸ್ಸಿನ ಕ್ರಮದಲ್ಲಿ ಕೊಡುತ್ತ ಬರುತ್ತಾರೆ: ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು. ನಿಮ್ಮ ಸರದಿಯಲ್ಲಿ ಕೈ ನಿಮ್ಮನ್ನು ದಾಟಿ ಮುಂದೆ ಹೋಗುತ್ತದೆ. ದೀಕ್ಷಾಸ್ನಾನ ಆಗದವರಿಗೆ ಇದನ್ನು ಕೊಡದಿರುವುದು ಕೆಲವು ಮನೆಗಳಲ್ಲಿ ಕಟ್ಟುನಿಟ್ಟು, ಈ ಮನೆಯೂ ಅಂಥದ್ದು.

ಪಾಸ್ಖದ ರಾತ್ರಿ ಯೆಹೂದ್ಯರ ಮನೆಯಲ್ಲಿ ಪ್ರಶ್ನೆ ಕೇಳುವ ಹಕ್ಕು ಎಲ್ಲರಿಗಿಂತ ಚಿಕ್ಕವರದು. ಇಲ್ಲೂ ಚಿಕ್ಕವಳೇ ಕೇಳುತ್ತಾಳೆ, ಅಪ್ಪಟ ತರೀಕೆರೆ ಕನ್ನಡದಲ್ಲಿ: “ತಾತ, ಅವ್ರಿಗೆ ಯಾಕ್ ಕೊಡ್ಲಿಲ್ಲ?”

“ನಮ್ಮಪ್ಪನೂ ಕೊಡ್ತಿರ್ಲಿಲ್ಲ,” ಅನ್ನುತ್ತಾರೆ ಅಜ್ಜ. ಅಜ್ಜಿ ಆಗಲೇ ಒಳಗೆ ಹೋಗಿ ಹಾಲಿಲ್ಲದ ಕಟ್ಟನ್ ಕಾಪಿಗೆ ನೀರಿಟ್ಟಾಗಿದೆ. ಬಾಳೆಹಣ್ಣು ತಂದು ನಿಮ್ಮ ಮುಂದಿಟ್ಟು, ಹೊತ್ತಾಯಿತು, ಇವತ್ತು ಇಲ್ಲೇ ಮಲಗಿ ಎನ್ನುತ್ತಾರೆ.